ಸಿಸ್ಟರ್‌ಗಳ ಶಾಲೆ ಹೇಗೆ ಅಂತ ಕೇಳಿದ್ದೀಯಲ್ಲ ಮಾರಾಯ

ಮಾರಾಯ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ಮುಕ್ಕಾಲು ಭಾಗ ಮಾರತ್ತಹಳ್ಳಿಯ ಹಾರ್ನು, ಕಾಲು ಭಾಗ ನೀನು. ನನಗೆ ತಿಳಿದದ್ದು ಇಷ್ಟು. ನಿಮ್ಮ ಮನೆ ಹತ್ತಿರ ಒಂದು ಚಿಕ್ಕ ಕ್ರಿಶ್ಚಿಯನ್ ಶಾಲೆ ಉಂಟು. ಮಗನಿಗೆ ಒಂದನೇ ಕ್ಲಾಸಿಗೆ ಸೀಟು ಸಿಗುತ್ತದೆ. ನಿನಗೆ ಮನಸ್ಸಿದೆ, ಅತ್ತಿಗೆಗೆ ಅನುಮಾನ. ನನ್ನ ಮಗಳು ಅಂಥದ್ದೇ ಶಾಲೆಯಲ್ಲಿ ಈಗ ಮೂರನೇ ಕ್ಲಾಸು. ಹಾಗಾಗಿ ನಾನು "ಒಂದೇ ಲೈನಿನಲ್ಲಿ" ಅಭಿಪ್ರಾಯ ಹೇಳಬೇಕು. ಒಂದೇ ಲೈನು! ಕಿತ್ತಳೆ ಕೊಡೆಯ ಕೇಸನ್ನು ಹೆಡ್‌ಮಾಸ್ಟರ ಎದುರು ಒಂದೇ ಲೈನಿನಲ್ಲಿ ಮುಗಿಸಿದವನು ನೀನು, ನಾನಲ್ಲ.

ಇಲ್ಲಿ ಎಲ್ಲರ ಎದುರು ಬರೆಯುತ್ತಿದ್ದೇನೆ, ಬೇಜಾರು ಮಾಡಬೇಡ. ನಿನಗೊಬ್ಬನಿಗೇ ಕಳಿಸಿದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀ. ಇಲ್ಲಿ ಹಾಕಿದರೆ ಯಾರು ಎಂತ ಕಮೆಂಟ್ ಮಾಡಿದ್ದಾರೆ ಅಂತ ನೋಡಲಿಕ್ಕಾದರೂ ಓದುತ್ತೀ. ಅದೂ ಅಲ್ಲದೆ ಅತ್ತಿಗೆ ಓದುತ್ತಾರೆ. ತೀರ್ಮಾನ ಅವರದ್ದೇ ತಾನೆ? ಅತ್ತಿಗೆ, ನಮಸ್ಕಾರ. ಇವನು ಚಿಕ್ಕಂದಿನಲ್ಲಿ ಹೇಗಿದ್ದ ಅನ್ನುವುದು ಬೇರೆ ಪತ್ರ.

ಮೊದಲು ನಮ್ಮ ಶಾಲೆ ಹೇಗಿದೆ ಹೇಳುತ್ತೇನೆ. ಕಾರ್ಕಳ ಪೇಟೆಯಿಂದ ಸ್ವಲ್ಪ ಹೊರಗೆ. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚು. ಎದುರಿಗೆ ಮೇರಿ ಮಾತೆಯ ಗ್ರೊಟ್ಟೊ ಅಂದರೆ ಕಲ್ಲಿನ ಗುಹೆಯ ಹಾಗಿನ ಗುಡಿ, ಹಿಂದೆ ಸಿಸ್ಟರ್‌ಗಳ ಬಸಳೆ ಚಪ್ಪರ. ಒಂದರಿಂದ ಐದನೇ ಕ್ಲಾಸು, ಒಂದೊಂದೇ ಸೆಕ್ಷನ್. ಮಗಳ ಕ್ಲಾಸಿನಲ್ಲಿ 16 ಮಕ್ಕಳು. ಅದರಲ್ಲಿ ಕ್ರಿಶ್ಚಿಯನ್ ಮಕ್ಕಳು ನಾಲ್ಕೋ ಐದೋ. ಉಳಿದವರು ನಮ್ಮಂಥವರು, ಬ್ಯಾರಿ ಮುಸ್ಲಿಮರ ಮಕ್ಕಳು, ಇಬ್ಬರು ಜೈನ ಹುಡುಗಿಯರು. ಸ್ಮಾರ್ಟ್ ಕ್ಲಾಸ್ ಇಲ್ಲ. ಇದ್ದ ಒಂದು ಪ್ರೊಜೆಕ್ಟರು ಸಿಡಿಲಿಗೆ ಹೋಯಿತು. ಆಟದ ಬಯಲು ಮಳೆಗಾಲದಲ್ಲಿ ಗದ್ದೆ. ಫೀಸಿನ ಲೆಕ್ಕ ಹೇಳಿದರೆ ನೀನು ಅಳುತ್ತೀ. ನಿಮ್ಮ ಏರಿಯಾದ ಒಂದು ವರ್ಷದ ಎಲ್‌ಕೆಜಿ ಫೀಸಿನಲ್ಲಿ ಇಲ್ಲಿ ಐದನೇ ಕ್ಲಾಸು ದಾಟಬಹುದು. ಉಳಿದ ದುಡ್ಡಿನಲ್ಲಿ ಒಂದು ದನ ಸಾಕಬಹುದು.

ನಮ್ಮ ಕಡೆ ಇಂಥ ಶಾಲೆ ಹೊಸತಲ್ಲ, ನಿನಗೆ ಗೊತ್ತು. ಬಾಸೆಲ್ ಮಿಷನ್ನಿನ ಪ್ರೊಟೆಸ್ಟಂಟ್ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದವರು ಸ್ವಲ್ಪ ಸಮಯದಲ್ಲೇ ಕನ್ನಡ ಶಾಲೆ ತೆರೆದರು. ಅವರಲ್ಲೇ ಒಬ್ಬರಾದ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು. ಆಮೇಲೆ ನೇಯ್ಗೆ, ಹೆಂಚಿನ ಕಾರ್ಖಾನೆ. ಕಥೋಲಿಕರ ಕಡೆ 1921ರಲ್ಲಿ ಬೆಂದೂರಿನಲ್ಲಿ ಬೆಥನಿ ಸಿಸ್ಟರ್‌ಗಳ ಸಂಸ್ಥೆ ಶುರುವಾಯಿತು. ಅದನ್ನು ಕಟ್ಟಿದ್ದು ಮಂಗಳೂರಿನದ್ದೇ ಪಾದ್ರಿ, ರೇಮಂಡ್ ಮಸ್ಕರೇನ್ಹಸ್. ಹುಡುಗಿಯರನ್ನು ಓದಿಸುವುದು ಅವರ ದೊಡ್ಡ ಕೆಲಸ. ನನ್ನ ಅಮ್ಮ ಸಹಿ ಹಾಕಲು ಕಲಿತದ್ದೂ ಸಿಸ್ಟರ್‌ಗಳ ಒಂದು ಕನ್ನಡ ಶಾಲೆಯಲ್ಲಿ. ನಮ್ಮ ಮಗಳ ಶಾಲೆ ಈ ಯಾವ ದೊಡ್ಡ ಹೆಸರಿನದ್ದೂ ಅಲ್ಲ, ಹುಡುಕಲು ಹೋಗಬೇಡ. ಅದೂ ಮೊದಲು ಕನ್ನಡ ಮೀಡಿಯಂ ಆಗಿತ್ತು. ಮಕ್ಕಳು ಕಡಿಮೆಯಾದರು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯಲ್ಲೇ ಕಲಿಸಿ ಅಂತ ಸರಕಾರ ಒತ್ತಾಯ ಮಾಡುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತಲ್ಲ? ಆಮೇಲೆ ಬೋರ್ಡು ಬದಲಾಯಿಸಲು ಯಾರಿಗೂ ಸಂಕೋಚ ಉಳಿಯಲಿಲ್ಲ. ಈಗ ಇಂಗ್ಲಿಷ್ ಮೀಡಿಯಂ. ಮಕ್ಕಳು ಮಾತ್ರ ಅಂಗಳದಲ್ಲಿ ತುಳುವಿನಲ್ಲೇ ಜಗಳ ಮಾಡುತ್ತಾರೆ, ದೇವರ ದಯೆ.

ಇನ್ನು ತಂದೆತಾಯಂದಿರು ಏನು ಹೇಳುತ್ತಾರೆ ಅನ್ನುವುದು. ಇದಕ್ಕೆ ನೀನು ಶಾಲೆಯ ಒಳಗೆ ಹೋಗಬೇಕಾಗಿಲ್ಲ. ಸಂಜೆ ಗೇಟಿನ ಹೊರಗೆ ನಿಂತರೆ ಸಾಕು. ಸ್ಕೂಟರಿನ ಮೇಲೆ ಅರ್ಧ ಕೂತು ಅರ್ಧ ನಿಂತು ಎಲ್ಲರೂ ಒಂದೇ ಪದ ಹೇಳುತ್ತಾರೆ. ಶಿಸ್ತು. "ಸಿಸ್ಟರ್‌ಗಳ ಶಾಲೆ ಅಂದ್ರೆ ಶಿಸ್ತು, ಅಲ್ವಾ?" ಈ ಶಿಸ್ತು ಎಂತದ್ದು ಅಂತ ನಾನು ತುಂಬಾ ನೋಡಿದೆ. ಮಕ್ಕಳು ಬೊಬ್ಬೆ ಹೊಡೆಯುತ್ತಾರೆ. ಸಾಲು ಸೊಟ್ಟ ನಿಲ್ಲುತ್ತಾರೆ. ಬೆತ್ತ ಇಲ್ಲ, ಆರ್‌ಟಿಇ ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಹೊಡೆಯುವಂತೆಯೂ ಇಲ್ಲ. ಹಾಗಾದರೆ ಶಿಸ್ತು ಎಲ್ಲಿ? ನನಗನಿಸಿದ್ದು, ಅಲ್ಲಿ ಮಗುವನ್ನು ಹೆಸರು ಹಿಡಿದು ಕರೆಯುತ್ತಾರೆ, ಅಷ್ಟೇ. ಹೆಡ್‌ಮಿಸ್ಟ್ರೆಸ್ ಸಿಸ್ಟರಿಗೆ ಎಲ್ಲ ಮಕ್ಕಳ ಹೆಸರು ಗೊತ್ತು. ಯಾರ ಚಪ್ಪಲಿ ಯಾವುದು ಅಂತ ಗೊತ್ತು. ಯಾರ ಅಪ್ಪ ಕುವೈತಿನಿಂದ ಯಾವಾಗ ಬರುತ್ತಾರೆ ಅಂತಲೂ ಗೊತ್ತು. ಹೆಸರು ಗೊತ್ತಿರುವ ಕಡೆ ತರಲೆ ಮಾಡುವುದು ಕಷ್ಟ ಮಾರಾಯ. ನಮ್ಮಿಬ್ಬರ ಹೆಸರು ಗೊತ್ತಿದ್ದೂ ನಾವು ಮಾಡಿದೆವು, ಅದು ಬೇರೆ.

ದೂರುಗಳೂ ಉಂಟು. ಟೀಚರುಗಳಿಗೆ ಸಂಬಳ ಕಡಿಮೆ. ಒಳ್ಳೆಯವರು ಎರಡು ವರ್ಷ ಕಲಿತು ಉಡುಪಿ, ಮಣಿಪಾಲದ ದೊಡ್ಡ ಶಾಲೆಗೆ ಹೋಗುತ್ತಾರೆ. ಸಿಸ್ಟರ್‌ಗಳಿಗೆ ವರ್ಗ. ಒಬ್ಬರನ್ನು ಮಕ್ಕಳು ಹಚ್ಚಿಕೊಂಡಿರುತ್ತಾರೆ. ಜೂನ್‌ನಲ್ಲಿ ಬಂದು ನೋಡಿದರೆ ಅವರು ಇನ್ಯಾವುದೋ ಜಿಲ್ಲೆಯಲ್ಲಿ. ಇನ್ನು ರಜೆಯ ದೊಡ್ಡ ಜಗಳ. ಕ್ರಿಸ್‌ಮಸ್ ರಜೆ ಬೇಕಾದ ಶಾಲೆಗಳು ಇಲಾಖೆಗೆ ಕೇಳಿಕೊಂಡು ದಸರಾ ರಜೆಯಿಂದ ಅಷ್ಟು ದಿನ ಕಡಿತ ಮಾಡಿಕೊಳ್ಳುತ್ತವೆ. ಆದ್ದರಿಂದ ಹುಲಿವೇಷದ ತಾಸೆ ರಸ್ತೆಯಲ್ಲಿ ಕೇಳಿಸುತ್ತಿರುವಾಗ ನಮ್ಮ ಮಕ್ಕಳು ಒಳಗೆ ಕೂತು ಗುಣಾಕಾರ ಮಾಡುತ್ತಿರುತ್ತಾರೆ. ಚಿಕ್ಕಪ್ಪನ ಮಕ್ಕಳು ಕಿಟಕಿಯ ಹೊರಗೆ ನಿಂತು ಅಣಕಿಸುತ್ತಾರೆ. ಡಿಸೆಂಬರಿನಲ್ಲಿ ಲೆಕ್ಕ ಸಮ. ಆಗ ನಮ್ಮವಳು ಮನೆಯಲ್ಲಿ, ಕೈಯಲ್ಲಿ ಪಕ್ಕದ ಮನೆಯ ಬಾಯಮ್ಮ ಕೊಟ್ಟ ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ, ಬಾಯಲ್ಲಿ ಅದರದ್ದೇ ನೇವ್ರಿ.

ಆರ್‌ಟಿಇ ಸೀಟು ಕೇಳಿದ್ದೀಯಲ್ಲ, ನಿನ್ನ ಡ್ರೈವರನ ಮಗಳಿಗೆ? 2009ರ ಕಾಯ್ದೆಯಲ್ಲಿ ಖಾಸಗಿ ಶಾಲೆಗಳು ಶೇ 25 ಸೀಟು ಬಡ ಮಕ್ಕಳಿಗೆ ಇಡಬೇಕು ಅಂತ ಇದೆ. ಆದರೆ ಅಲ್ಪಸಂಖ್ಯಾತ ಶಾಲೆಗಳಿಗೆ ಅದು ಇಲ್ಲ. ಅನುದಾನ ಪಡೆಯದವನ್ನು 2012ರಲ್ಲಿ ಸುಪ್ರೀಂ ಕೋರ್ಟು ಹೊರಗಿಟ್ಟಿತು, ಅನುದಾನ ಪಡೆಯುವವನ್ನೂ 2014ರಲ್ಲಿ. ನಮ್ಮ ಶಾಲೆಯಲ್ಲಿ ಫೀಸು ಕಟ್ಟದ ಮಕ್ಕಳು ಇಲ್ಲವೆಂದಲ್ಲ. ಇದ್ದಾರೆ, ಯಾರು ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಸಿಸ್ಟರ್ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಕೇಳಲಿಕ್ಕೆ ಚಂದ. ಆದರೆ ಅದು ಅವರ ಒಳ್ಳೆಯತನ, ಆ ಮಗುವಿನ ಹಕ್ಕಲ್ಲ. ಅವರಿಗೆ ವರ್ಗವಾದರೆ? ಈ ಮಾತನ್ನು ನಾನು ಗೇಟಿನಲ್ಲಿ ಒಮ್ಮೆ ಹೇಳಿದೆ. ಎಲ್ಲರೂ ತಮ್ಮ ತಮ್ಮ ಸ್ಕೂಟರಿನ ಕನ್ನಡಿ ಒರೆಸತೊಡಗಿದರು.

ಸರಿ, ಅತ್ತಿಗೆ ಕಾಯುತ್ತಿರುವ ವಿಷಯಕ್ಕೆ ಬರುತ್ತೇನೆ. ಧರ್ಮ.

ಬೆಳಿಗ್ಗೆ ಪ್ರಾರ್ಥನೆ ಉಂಟು. ನಾಡಗೀತೆಯೂ ಉಂಟು. ವಾರದಲ್ಲಿ ಒಂದೆರಡು ಪೀರಿಯಡ್ ಕ್ರಿಶ್ಚಿಯನ್ ಮಕ್ಕಳಿಗೆ ಕ್ಯಾಟೆಕಿಸಂ ಅಂದರೆ ಅವರ ಧರ್ಮದ ಪಾಠ, ಉಳಿದವರಿಗೆ ಮಾರಲ್ ಸೈನ್ಸ್. ಮಾರಲ್ ಸೈನ್ಸ್ ಎಂದರೆ ಸುಳ್ಳು ಹೇಳಬಾರದು, ನೀರು ಪೋಲು ಮಾಡಬಾರದು, ಇತ್ಯಾದಿ. ಮಗಳಿಗೆ ಇದರಲ್ಲಿ ದೊಡ್ಡ ಅನ್ಯಾಯ ಕಾಣುತ್ತದೆ. ಆಚೆ ರೂಮಿನಲ್ಲಿ ಬಣ್ಣದ ಚಿತ್ರ ಕೊಡುತ್ತಾರಂತೆ, ಈಚೆ ರೂಮಿನಲ್ಲಿ ಬರೀ ನೀರು ಪೋಲು ಮಾಡಬಾರದು. ಸೆಪ್ಟೆಂಬರ್ 8ರಂದು ಮೇರಿ ಮಾತೆ ಹುಟ್ಟಿದ ದಿನದ ಮೊಂತಿ ಹಬ್ಬಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಹಾಕುತ್ತಾರೆ. ಆಗ ನಮ್ಮ ಅಂಗಳದ ದಾಸವಾಳ, ರಥಪುಷ್ಪ ಒಂದೂ ಉಳಿಯುವುದಿಲ್ಲ. ಅಪ್ಪನ ಪೂಜೆಗೆ ಬರೀ ತುಳಸಿ. ಕಷಾಯ ಕುಡಿಯುವ ಮೊದಲು ಮಗಳು ಒಮ್ಮೆ ಶಿಲುಬೆಯ ಗುರುತು ಹಾಕಿಕೊಂಡಳು. ನನ್ನ ಅತ್ತೆ ನೋಡಿದರು. "ಹೇಗಾದರೂ ಕುಡಿದಳಲ್ಲ" ಅಂದರು.

ಕಾನೂನು ಕೇಳಿದರೆ, ಸಂವಿಧಾನದ 28ನೇ ವಿಧಿಯ ಮೂರನೇ ಭಾಗ ಓದಿಕೋ. ಸರಕಾರದ ಮಾನ್ಯತೆಯೋ ಹಣವೋ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆ ಇಲ್ಲದೆ ಧರ್ಮಬೋಧನೆಗೆ ಅಥವಾ ಪ್ರಾರ್ಥನೆಗೆ ಕೂರಿಸುವಂತಿಲ್ಲ. 30ನೇ ವಿಧಿ ಅವರಿಗೆ ಶಾಲೆ ನಡೆಸುವ ಹಕ್ಕು ಕೊಡುತ್ತದೆ, 28 ನಿನಗೆ ಬೇಡ ಅನ್ನುವ ಹಕ್ಕು ಕೊಡುತ್ತದೆ. ಎರಡೂ ಒಂದೇ ಪುಸ್ತಕದಲ್ಲಿ. ಬೇಡವಾದರೆ ಬರೆದು ಕೊಡು, ಜಗಳ ಬೇಕಾಗಿಲ್ಲ. 2022ರ ಏಪ್ರಿಲ್‌ನಲ್ಲಿ ನಿಮ್ಮ ಬೆಂಗಳೂರಿನ ಒಂದು ಶಾಲೆಯ ಅರ್ಜಿಯಲ್ಲಿ ಮಕ್ಕಳು ಬೈಬಲ್ ತರುವುದಕ್ಕೆ ಪೋಷಕರಿಂದ ಒಪ್ಪಿಗೆ ಬರೆಸಿಕೊಂಡ ಸುದ್ದಿ ಟಿವಿಯಲ್ಲಿ ಗದ್ದಲವಾಯಿತಲ್ಲ? ಆ ಹಳೆ ಕ್ಲಿಪ್ಪು ಈಗಲೂ ಅಡ್ಮಿಷನ್ ಸಮಯಕ್ಕೆ ಸರಿಯಾಗಿ ನಮ್ಮ ಪೇರೆಂಟ್ಸ್ ಗ್ರೂಪಿಗೆ ಬರುತ್ತದೆ. ಹಾಕುವವರು ಯಾವಾಗಲೂ ಒಬ್ಬರೇ. ಅವರ ಮೂರು ಮಕ್ಕಳೂ ಇಲ್ಲೇ ಓದಿದ್ದು.

ನನಗೆ ಪ್ರಾರ್ಥನೆಯಿಂದ ಏನೂ ಆಗಿಲ್ಲ, ಆಗುವುದೂ ಇಲ್ಲ ಅಂತ ಬರೆದು ಈ ಪತ್ರ ಮುಗಿಸಬೇಕು ಅಂತಿದ್ದೆ. ಇಲ್ಲಿಯವರೆಗೆ ಬರೆದದ್ದೆಲ್ಲ ಗೇಟಿನ ಹೊರಗೆ ನಿಂತು ಯಾರೂ ಹೇಳಬಹುದಾದದ್ದು. ಆದರೆ ಕಳೆದ ತಿಂಗಳು ಒಂದು ವಿಷಯ ಆಯಿತು.

ಇವರ ಕ್ಲಾಸಿನಲ್ಲಿ ಶುಕ್ರವಾರ ಒಂದು ಪದ್ಧತಿ. ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳು ಸುತ್ತ ಕೂತು ಒಬ್ಬೊಬ್ಬರಾಗಿ ಒಂದು ಕೋರಿಕೆ ಹೇಳಬೇಕು. ಎಲ್ಲರೂ ಅದಕ್ಕಾಗಿ ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಾರೆ. ಯಾವ ದೇವರು ಅಂತ ಟೀಚರ್ ಹೇಳುವುದಿಲ್ಲ, ಅವರವರ ದೇವರು. ಇದು ನನಗೆ ಮೊದಲೇ ಗೊತ್ತಿತ್ತು. ಜೂನ್‌ನಲ್ಲಿ ಮಗಳ ಕೋರಿಕೆ "ನಾಳೆ ಡಿಸಿ ಮಳೆ ರಜೆ ಕೊಡಲಿ" ಅಂತ ಇತ್ತು. ಟೀಚರ್ ಅದನ್ನು ಸ್ವೀಕರಿಸಲಿಲ್ಲವಂತೆ. ನಾನು ಅದನ್ನು ಊರಿಗೆಲ್ಲ ಹೇಳಿ ನಗಿಸಿದ್ದೆ. ನಿನಗೂ ಹೇಳಿದ್ದೆ.

ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರ್ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿಸಿಕೊಂಡರು. ಕಾರ್ಡನ್ನು ಈಚೆ ತಳ್ಳುತ್ತಾ, ಯಾವ ಸಿದ್ಧತೆಯೂ ಇಲ್ಲದೆ, "ಅಜ್ಜ ಈಗ ನಿಮ್ಮ ಹತ್ರ ಮಾತಾಡ್ತಾರಾ ಸರ್?" ಅಂತ ಕೇಳಿದರು.

ಮಳೆ ರಜೆಯ ಋತು ಮುಗಿದ ಮೇಲೆ ಮಗಳು ಬೇರೆ ಕೋರಿಕೆ ಶುರು ಮಾಡಿದ್ದಾಳೆ. "ಅಪ್ಪ ಮತ್ತು ಅಜ್ಜ ಮಾತಾಡಲಿ." ಪ್ರತಿ ಶುಕ್ರವಾರ ಅದೇ. 16 ಮಕ್ಕಳು ಕಣ್ಣು ಮುಚ್ಚಿ, ನಾನು ಮತ್ತು ನನ್ನ ಅಪ್ಪ ಮಾತಾಡಲಿ ಅಂತ ಬೇಡುತ್ತಿದ್ದಾರೆ. ಆ 16 ಮಕ್ಕಳು ಮನೆಗೆ ಹೋಗಿ ಊಟ ಮಾಡುತ್ತಾ ಅದನ್ನು ಹೇಳುತ್ತಾರೆ. ಈಗ ಅರ್ಥವಾಯಿತು ನನಗೆ. ರಖಂ ಅಂಗಡಿಯ ಹೆಂಗಸು ಯಾಕೆ ನನ್ನ ಹತ್ತಿರ ಅಷ್ಟು ಮೃದುವಾಗಿ ಮಾತಾಡುತ್ತಾರೆ, ಬ್ಯಾರಿ ಹುಡುಗನ ಅಪ್ಪ ಯಾಕೆ ಗೇಟಿನಲ್ಲಿ ಸುಮ್ನೆ "ತಂದೆಯವರು ಹುಷಾರಾ?" ಅಂತ ಕೇಳಿದರು, ಎಲ್ಲ.

ನಿನಗೆ ವಿಷಯ ಗೊತ್ತು, ಅರ್ಧ. ಬಾವಿ ಪಕ್ಕದ ಜಾಗ ಅಪ್ಪ ತಮ್ಮನ ಹೆಸರಿಗೆ ಬರೆದದ್ದು, ನಾನು ಒಂದು ಮಾತು ಆಡಿದ್ದು, ಅವರು ಒಂದು ಮಾತು ಆಡಿದ್ದು. ಒಂದೇ ಮನೆ, ಒಂದೇ ಚಾವಡಿ. ನಮ್ಮ ನಡುವೆ ಮಾತು ಹೋಗುವುದು ಮಗಳ ಮೂಲಕ. "ಅಜ್ಜನಿಗೆ ಹೇಳು, ಊಟ ಆಯ್ತು ಅಂತ." "ನಿನ್ನ ಅಪ್ಪನಿಗೆ ಹೇಳು, ಪಂಪ್ ಆಫ್ ಮಾಡಲಿ ಅಂತ." ಅವಳು ಚಾವಡಿಯಿಂದ ಅಡುಗೆಮನೆಗೆ ಓಡುತ್ತಾಳೆ, ಅಡುಗೆಮನೆಯಿಂದ ಚಾವಡಿಗೆ. ನಾನು ಅದನ್ನು ಆಟ ಅಂದುಕೊಂಡಿದ್ದೆ. ಮಾರ್ಕ್ಸ್ ಕಾರ್ಡಿನ ಕೆಳಗೆ ಟೀಚರ್ ಬರೆದಿದ್ದಾರೆ: ಹೇಳಿದ್ದನ್ನು ಚೆನ್ನಾಗಿ ತಲುಪಿಸುತ್ತಾಳೆ. ಓದಿ ನನಗೆ ಎಲ್ಲಿ ನೋಡಬೇಕು ಅಂತ ತಿಳಿಯಲಿಲ್ಲ. ಆಮೇಲೆ ಅವಳನ್ನು ಸ್ವಲ್ಪ ಗಮನಿಸಿದೆ. ಅವಳು ತಲುಪಿಸುವುದು ಮಾತ್ರ ಅಲ್ಲ ಮಾರಾಯ, ತಿದ್ದುತ್ತಾಳೆ. "ಪಂಪ್ ಆಫ್ ಮಾಡಲಿ" ಅಂತ ಅಜ್ಜ ಹೇಳಿದರೆ ನನ್ನ ಹತ್ತಿರ ಬರುವಾಗ ಅದು "ಅಪ್ಪಾ, ಅಜ್ಜ ಹೇಳಿದ್ರು, ಸುಸ್ತಾಗದಿದ್ರೆ ಪಂಪ್ ಆಫ್ ಮಾಡಬೇಕಂತೆ" ಅಂತ ಆಗಿರುತ್ತದೆ. ಸುಸ್ತಾಗದಿದ್ರೆ ಅನ್ನುವ ಪದ ನನ್ನ ಅಪ್ಪನ ಬಾಯಲ್ಲಿ ನಾನು ಈ ಜನ್ಮದಲ್ಲಿ ಕೇಳಿಲ್ಲ.

ಆ ದಿನ ಶಾಲೆಯಿಂದ ಬಂದು ನಾನು ಮಾಡಿದ ಮೊದಲ ಕೆಲಸ ಎಂತ ಗೊತ್ತುಂಟಾ? ಪೇರೆಂಟ್ಸ್ ಗ್ರೂಪಿಗೆ ಹಾಕಲು ಒಂದು ಉದ್ದದ ಮೆಸೇಜು ಟೈಪ್ ಮಾಡಿದೆ. ಸಂವಿಧಾನದ 28ನೇ ವಿಧಿ, ಪೋಷಕರ ಒಪ್ಪಿಗೆ, ಚಿಕ್ಕ ಮಕ್ಕಳ ಮನಸ್ಸು, ಎಲ್ಲ ಅದರಲ್ಲಿ ಬಂತು. ಬಹಳ ಚೆನ್ನಾಗಿ ಬರೆದಿದ್ದೆ. ಮೇಲೆ ನಿನಗೆ ಕಾನೂನು ವಿವರಿಸಿದೆನಲ್ಲ, ಅದು ಆ ಡ್ರಾಫ್ಟಿನಿಂದಲೇ ಎತ್ತಿದ್ದು. ಕಳಿಸಲಿಲ್ಲ. ಕಳಿಸಿದ್ದರೆ ಆ ಕ್ಲಿಪ್ಪಿನ ಮಹಾಶಯರು ಮೊದಲು ಲೈಕ್ ಕೊಡುತ್ತಿದ್ದರು, ಹತ್ತು ಜನ ಸೇರುತ್ತಿದ್ದರು, ಶುಕ್ರವಾರದ ಪೀರಿಯಡ್ ನಿಲ್ಲುತ್ತಿತ್ತು. ನನ್ನ ಕಷ್ಟ ದೇವರದ್ದಲ್ಲ, ನನ್ನ ಮನೆಯ ಚಾವಡಿ ಊರಿಗೆ ಕಂಡದ್ದು ಅಂತ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಗ್ರೂಪಿನಲ್ಲಿ ಯಾರಾದರೂ ಧರ್ಮ, ಸಂಸ್ಕೃತಿ ಅಂತ ದೊಡ್ಡ ಮಾತು ಹಾಕಿದರೆ ನನಗೆ ಅವರ ಮನೆಯ ಚಾವಡಿ ಹೇಗಿರಬಹುದು ಅನ್ನುವ ಯೋಚನೆ ಬರುತ್ತದೆ. ಕೆಟ್ಟ ಬುದ್ಧಿ. ಕೆಲವರಿಗೆ ನಿಜವಾದ ಆಕ್ಷೇಪ ಇರುತ್ತದೆ, ಅದು ಅವರ ಹಕ್ಕು. ಆದರೂ ಯೋಚನೆ ಬರುತ್ತದೆ.

ಊರಿಗೆ ಕಾಣುವುದು ನಮಗೆ ಹೊಸತಾ ಹೇಳು? ಹೋದ ವರ್ಷ ನಮ್ಮ ಕುಟುಂಬದ ನೇಮದಲ್ಲಿ ದೈವ ನುಡಿ ಕೊಡುವಾಗ ಅಪ್ಪನನ್ನೂ ನನ್ನನ್ನೂ ಎದುರಿಗೆ ಕರೆಯಿತು. ಇಡೀ ಕುಟುಂಬ ಸುತ್ತ ನಿಂತಿತ್ತು. ಒಂದಾಗಿ ಬಾಳಿ ಅಂತ ನುಡಿಯಾಯಿತು. ಇಬ್ಬರೂ ಕೈ ಮುಗಿದು ತುಳುವಿನಲ್ಲಿ "ಆವು", ಆಗಲಿ, ಅಂದೆವು. ಗಂಧಪ್ರಸಾದ ತೆಗೆದುಕೊಂಡೆವು. ಒಂದೇ ರಿಕ್ಷಾದಲ್ಲಿ ಮನೆಗೆ ಬಂದೆವು, ನಡುವೆ ಮಗಳನ್ನು ಕೂರಿಸಿಕೊಂಡು. ಗೇಟು ತೆಗೆಯಲು ಹೇಳಿದ್ದೂ ಅವಳ ಮೂಲಕ. ಅವಳು ನೋಡಿದ್ದಾಳಲ್ಲ. ಇಲ್ಲಿ ಕೆಲಸ ಆಗಲಿಲ್ಲ ಅಂತ ಇನ್ನೊಂದು ಕಡೆ ಅರ್ಜಿ ಹಾಕಿದ್ದಾಳೆ. ನಾವು ತಾಲ್ಲೂಕಾಫೀಸಿನಲ್ಲಿ ಮಾಡುವುದೂ ಅದನ್ನೇ.

ಆ ರಾತ್ರಿ ಅವಳನ್ನು ಕೇಳಿದೆ, ಉಳಿದವರ ಕೋರಿಕೆ ಎಂತ ಅಂತ. ಒಬ್ಬನಿಗೆ ನಾಯಿಯ ಕಾಲು ಸರಿಯಾಗಬೇಕು. ಒಬ್ಬಳ ಅಪ್ಪನಿಗೆ ವೀಸಾ ಬರಬಾರದು. ಬರಬೇಕು ಅಂತ ಅವಳ ಅಮ್ಮನ ಹರಕೆ ಉಂಟು ಅತ್ತೂರಿನ ಚರ್ಚಿನಲ್ಲಿ, ಈ ಹುಡುಗಿ ಕ್ಲಾಸಿನಲ್ಲಿ ಕೂತು ತದ್ವಿರುದ್ಧ ಬೇಡುತ್ತಿದ್ದಾಳೆ. ಒಬ್ಬನ ಅಮ್ಮನ ಮೊಬೈಲು ನೀರಿಗೆ ಬೀಳಬೇಕು. ಒಬ್ಬ ಪ್ರತಿ ವಾರ "ಪಾಸ್" ಅನ್ನುತ್ತಾನಂತೆ, ಟೀಚರ್ ಒತ್ತಾಯ ಮಾಡುವುದಿಲ್ಲ. ನಾನು ಈಗ ಗೇಟಿನಲ್ಲಿ ನಿಂತರೆ ಯಾರ ಮುಖವನ್ನೂ ಮೊದಲಿನ ಹಾಗೆ ನೋಡಲಿಕ್ಕಾಗುವುದಿಲ್ಲ. ಅವರಿಗೂ ಹಾಗೇ ಆಗುತ್ತಿರಬೇಕು. ಆ ವೀಸಾದ ಅಪ್ಪ ಬಹಳ ಖುಷಿಯಲ್ಲಿ ಸೂಟ್‌ಕೇಸ್ ರೇಟು ಹೇಳುತ್ತಾನೆ, ನಾನು ಸುಮ್ನೆ ತಲೆ ಆಡಿಸುತ್ತೇನೆ.

ಚಿಕ್ಕ ಶಾಲೆ ಅಂದರೆ ಇದು, ಅತ್ತಿಗೆ. ನಿಮ್ಮ ಮನೆ ಅವರಿಗೆ ಗೊತ್ತಾಗುತ್ತದೆ. ದೊಡ್ಡ ಶಾಲೆಯ ಫೀಸಿನಲ್ಲಿ ಈಜುಕೊಳ, ರೋಬೊಟ್ ಇವೆಲ್ಲದರ ಜೊತೆಗೆ ಒಂದು ಮರೆಯೂ ಸೇರಿರುತ್ತದೆ. ಅಲ್ಲಿ ನಿಮ್ಮ ಮಗುವಿಗೆ ರೋಲ್ ನಂಬರ್, ನಿಮಗೆ ಆ್ಯಪಿನಲ್ಲಿ ಒಂದು ಲಾಗಿನ್. ಯಾರೂ "ಅಜ್ಜ ಮಾತಾಡ್ತಾರಾ" ಅಂತ ಕೇಳುವುದಿಲ್ಲ. ನಾನು ಮೆಚ್ಚಿಕೊಂಡ ಆ ಶಿಸ್ತು ಮತ್ತು ನನಗೆ ನಾಚಿಕೆ ತಂದ ಈ ಪ್ರಶ್ನೆ ಎರಡೂ ಬಂದದ್ದು ಒಂದೇ ಕಡೆಯಿಂದ. ಒಂದು ಬೇಕು, ಇನ್ನೊಂದು ಬೇಡ ಅಂತ ಆರಿಸಲಿಕ್ಕೆ ಬರುವುದಿಲ್ಲ.

ಇಷ್ಟು ಹೇಳಿದವನು ಇನ್ನೂ ಒಂದು ಹೇಳುತ್ತೇನೆ. ಜಾಗದ ವಿಷಯ ನನಗೆ ಯಾವತ್ತೋ ಮುಗಿದುಹೋಗಿದೆ. ತಮ್ಮ ಅಲ್ಲಿ ಬಾಳೆ ಹಾಕಿದ್ದಾನೆ, ಗೊನೆ ಕೊಡುತ್ತಾನೆ, ನಾನು ತಿನ್ನುತ್ತೇನೆ. ಸಿಟ್ಟು ಇಲ್ಲ. ಈಗ ಮಾತಾಡದಿರುವುದು ಸಿಟ್ಟಿನಿಂದ ಅಲ್ಲ. ಹಾಯಾಗಿದೆ, ಅದಕ್ಕೆ. ಮಾತು ಇದ್ದಾಗ ಅಪ್ಪನ ಮೊಣಕಾಲು ನೋವು ಕೇಳಬೇಕಿತ್ತು. ಅದೇ ಭೂಮಸೂದೆ ಕಾಲದ ಕತೆ ಕೇಳಬೇಕಿತ್ತು. ಯಾಕೆ ಇನ್ನೂ ಪ್ರಮೋಷನ್ ಆಗಿಲ್ಲ ಅನ್ನುವುದಕ್ಕೆ ಉತ್ತರ ಕೊಡಬೇಕಿತ್ತು. ಈಗ ಯಾವುದೂ ಇಲ್ಲ. ಜಗಳ ಒಂದು ಒಳ್ಳೆಯ ನೆಪ ಕೊಟ್ಟಿತು, ನಾನು ಅದನ್ನು ಇಟ್ಟುಕೊಂಡೆ. ನಾನು ಸುಖವಾಗಿರಲಿಕ್ಕೆ ಎಂಟು ವರ್ಷದ ಹುಡುಗಿ ಓಡಾಡುತ್ತಿದ್ದಾಳೆ. ಇದನ್ನು ನಾನು ನನ್ನ ಹೆಂಡತಿಗೂ ಹೇಳಿಲ್ಲ. ಈಗ ಇಲ್ಲಿ ಹಾಕುತ್ತಿದ್ದೇನೆ, ಎಂಥ ಬುದ್ಧಿವಂತ ನೋಡು.

ಸಾಕು. ಇದೆಲ್ಲ ರಾತ್ರಿ ಊಟಕ್ಕೆ ಪತ್ರೊಡೆ ಜಾಸ್ತಿ ತಿಂದದ್ದರ ಪರಿಣಾಮ. ಓದಿದವರು ದಯವಿಟ್ಟು ಕೈ ಮುಗಿಯುವ ಚಿತ್ರ ಹಾಕಬೇಡಿ. ಅಪ್ಪನಿಗೆ ಫೇಸ್‌ಬುಕ್ ಇಲ್ಲ, ಆದರೆ ತಮ್ಮನಿಗೆ ಉಂಟು. ಅವನು ಓದುವುದು ಬರೀ ಅಡಿಕೆ ರೇಟು ಅನ್ನುವ ಧೈರ್ಯದ ಮೇಲೆ ಬರೆದಿದ್ದೇನೆ. ಯಾರಾದರೂ ಅವನನ್ನು ಟ್ಯಾಗ್ ಮಾಡಿದರೆ ಬ್ಲಾಕ್.

ನಿನ್ನ ಕೆಲಸದ ಮಾತು. ಶಾಲೆ ನೋಡಲು ಹೋಗುವುದಾದರೆ ಬೆಳಿಗ್ಗೆ ಆಫೀಸಿಗೆ ಹೋಗಬೇಡ, ಸಂಜೆ ಗೇಟಿಗೆ ಹೋಗು. ಟೀಚರುಗಳು ಎಷ್ಟು ವರ್ಷದಿಂದ ಇದ್ದಾರೆ ಅಂತ ಆಯಾ ಹತ್ತಿರ ಕೇಳು, ಪ್ರಿನ್ಸಿಪಾಲ್ ಹತ್ತಿರ ಅಲ್ಲ. ಐದನೇ ಕ್ಲಾಸಿನ ನಂತರ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಅಂತ ಈಗಲೇ ಕೇಳಿಕೋ. ಟಿಸಿ ಹಿಡಿದು ಮೇ ತಿಂಗಳಲ್ಲಿ ಓಡುವ ಅಪ್ಪಂದಿರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಒಂದನೇ ಕ್ಲಾಸಿಗೆ ಆರು ವರ್ಷದ ನಿಯಮ ಉಂಟಲ್ಲ, ಹುಟ್ಟಿದ ತಾರೀಕು ಸರಿ ನೋಡು. ಕ್ಯಾಟೆಕಿಸಂ ಹೊತ್ತಿಗೆ ಉಳಿದ ಮಕ್ಕಳು ಎಂತ ಮಾಡುತ್ತಾರೆ ಅಂತ ನೇರ ಕೇಳು. ಸಿಸ್ಟರ್‌ಗಳಿಗೆ ಆ ಪ್ರಶ್ನೆ ಕೇಳಿ ಕೇಳಿ ಅಭ್ಯಾಸವಾಗಿದೆ, ಬೇಜಾರು ಮಾಡುವುದಿಲ್ಲ. ಬೇಜಾರು ಮಾಡಿದರೆ ಅಲ್ಲಿಂದ ಚಾ ಕುಡಿಯದೆ ಎದ್ದು ಬಾ.

ಜನವರಿಯಲ್ಲಿ ಅತ್ತೂರು ಜಾತ್ರೆಗೆ ಬರುತ್ತೇನೆ ಅಂತ ಪ್ರತಿ ಸಲ ಹೇಳುತ್ತೀ. ಈ ಸಲ ಮಗನನ್ನು ಕರೆದುಕೊಂಡು ಬಾ. ಅವನನ್ನೂ ನನ್ನ ಮಗಳನ್ನೂ ಐಸ್‌ಕ್ರೀಮ್ ಅಂಗಡಿ ಎದುರು ಕೂರಿಸಿ ಬಿಟ್ಟರೆ ನಿಮ್ಮ ಮನೆಯ ವಿಷಯ ಎಲ್ಲ ನನಗೆ ಗೊತ್ತಾಗುತ್ತದೆ.

ಸೇರಿಸು ಮಾರಾಯ, ಒಳ್ಳೆಯ ಶಾಲೆ ಅನಿಸಿದರೆ ಸೇರಿಸು. ಆದರೆ ಮೊದಲು ಒಂದು ತಯಾರಿ ಮಾಡಿಕೋ. ನೀನು ಜಿಮ್ಮಿಗೆ ಅಂತ ಹೇಳಿ ಹೋಗುವುದು ಎಲ್ಲಿಗೆ ಅನ್ನುವುದು ನಿನ್ನ ಮಗನಿಗೆ ಗೊತ್ತುಂಟು, ಹೋದ ಸಲ ಫೋನಿನಲ್ಲಿ ನನಗೆ ಹೇಳಿದ್ದಾನೆ. ಅಲ್ಲಿ ಶುಕ್ರವಾರದ ಪೀರಿಯಡ್ ಇದ್ದರೆ ಒಂದೇ ವಾರದಲ್ಲಿ ಇಡೀ ಕ್ಲಾಸು ನಿನ್ನ ಕೊಲೆಸ್ಟರಾಲಿಗೆ ಕಣ್ಣು ಮುಚ್ಚುತ್ತದೆ. ಅತ್ತಿಗೆ, ಈ ಕೊನೆಯ ಸಾಲು ನೀವು ಓದಿಲ್ಲ.

ನಿನ್ನ,
ಮೂರನೇ ಬೆಂಚಿನವ